ಯಾವ ಸಂಸ್ಥೆಯಪ್ಪಾ ಇದು?

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಅಡ್ಡಾಗಬೇಕು, ಅಷ್ಟರಲ್ಲಿ ಅಪ್ಪನ ದನಿ ಕೇಳಿಸಿತು. "ಲೋ, ಬಾರೋ ಇಲ್ಲಿ. ಕಂಪ್ಯೂಟರ್‌ಗೆ ಐದು ವೈರಸ್ ಬಂದಿದೆಯಂತೆ."

ಆ 'ಅಂತೆ' ಕೇಳಿ ಮೊದಲು ನಗು ಬಂತು. ಹೋಗಿ ನೋಡಿದರೆ ನಗು ಹೋಯಿತು. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ, ಅದರಲ್ಲಿ ಕೆಂಪು ಗುರಾಣಿಯ ಚಿತ್ರ, ದಪ್ಪಕ್ಷರದಲ್ಲಿ ಎಚ್ಚರಿಕೆ, ಕೆಳಗೆ 'ಈಗಲೇ ತೆಗೆಯಿರಿ' ಅನ್ನುವ ಅರ್ಥದ ಬಟನ್. ಮುಚ್ಚಿದರೆ ಟಿಂಗ್ ಅಂತ ಇನ್ನೊಂದು. ಅಪ್ಪನ ಮೌಸ್ ಸರಿಯಾಗಿ ಆ ಬಟನ್ ಮೇಲೆಯೇ ಇತ್ತು. ಒತ್ತಬೇಡಿ, ಒತ್ತಬೇಡಿ ಅಂತ ಕೂಗಿಕೊಂಡು ಮೌಸ್ ಕಿತ್ತುಕೊಂಡೆ.

ಸ್ವಲ್ಪ ಹತ್ತಿರದಿಂದ ನೋಡಿದಾಗ ಗುಟ್ಟು ಗೊತ್ತಾಯಿತು. ಚೌಕದೊಳಗೆ ಸಣ್ಣ ಬೂದು ಅಕ್ಷರದಲ್ಲಿ ಕ್ರೋಮ್ ಹೆಸರು, ಪಕ್ಕದಲ್ಲಿ ಯಾವುದೋ ಅರ್ಥವಿಲ್ಲದ ವೆಬ್‌ಸೈಟ್ ವಿಳಾಸ. ಅಂದರೆ ಇದು ಆಂಟಿವೈರಸ್ ಕೊಟ್ಟ ಎಚ್ಚರಿಕೆಯೇ ಅಲ್ಲ, ಒಂದು ವೆಬ್‌ಸೈಟ್ ಕಳಿಸುತ್ತಿದ್ದ ನೋಟಿಫಿಕೇಶನ್. ಸೆಟ್ಟಿಂಗ್ಸ್ ತೆರೆದು ನೋಟಿಫಿಕೇಶನ್ ಪಟ್ಟಿ ನೋಡಿದರೆ ಮೂರು ಸೈಟ್‌ಗಳಿಗೆ ಒಪ್ಪಿಗೆ ಕೊಟ್ಟಾಗಿತ್ತು. ಅಪ್ಪನನ್ನು ಕೇಳಿದೆ. "ರೋಬೋಟ್ ಅಲ್ಲ ಅಂದರೆ ಅಲೋ ಒತ್ತು ಅಂತ ಕೇಳಿತ್ತು. ನಾನು ರೋಬೋಟ್ ಅಲ್ಲವಲ್ಲ, ಒತ್ತಿದೆ" ಅಂದರು. ಇದಕ್ಕೆ ಏನು ಹೇಳೋದು? ಅವರ ಉತ್ತರದಲ್ಲಿ ತಪ್ಪೇ ಇಲ್ಲ. ನಿಜವಾದ ರೋಬೋಟ್ ಪರೀಕ್ಷೆ ಪುಟದ ಒಳಗಿರುತ್ತದೆ, ಅಡ್ರೆಸ್ ಬಾರ್ ಪಕ್ಕದಲ್ಲಿ ಅಲೋ, ಬ್ಲಾಕ್ ಅಂತ ಬ್ರೌಸರ್ ಕೇಳಿದರೆ ಅದು ಬೇರೆಯೇ ಪ್ರಶ್ನೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮೂರನ್ನೂ ತೆಗೆದೆ. ಟಿಂಗ್ ನಿಂತಿತು. ಎರಡು ನಿಮಿಷದ ಕೆಲಸ ಅಂತ ಬೀಗಿಕೊಂಡು ಏಳುವಾಗ ಅಪ್ಪ ಏನೋ ಹುಡುಕಲು ಟೈಪ್ ಮಾಡಿದರು. ಗೂಗಲ್ ಬರಬೇಕಾದಲ್ಲಿ ಕಣ್ಣಿಗೆ ರಾಚುವ ಬೇರೆ ಯಾವುದೋ ಪುಟ ಬಂತು, ಮೇಲಿನಿಂದ ಕೆಳಗಿನವರೆಗೂ ಜಾಹೀರಾತು. "ಇದು ಒಂದು ತಿಂಗಳಿಂದ ಹೀಗೇ ಇದೆ. ಗೂಗಲ್ ಬದಲಾಯಿಸಿರಬೇಕು ಅಂದುಕೊಂಡೆ" ಅಂದರು.

ಮತ್ತೆ ಕೂತೆ. ಎಕ್ಸ್‌ಟೆನ್ಷನ್‌ಗಳ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಪಟ್ಟಿಯಲ್ಲಿ ನಮಗೆ ಪರಿಚಯವೇ ಇಲ್ಲದ ಒಂದು ಇತ್ತು. ಅದನ್ನು ತೆಗೆಯುವ ಬಟನ್ ಮಾತ್ರ ಇರಲಿಲ್ಲ. ಅಡ್ಮಿನಿಸ್ಟ್ರೇಟರ್ ಹಾಕಿದ್ದು ಅಂತ ಬರೆದಿತ್ತು. ಮೆನುವಿನ ತಳದಲ್ಲಿ ಇನ್ನೊಂದು ಸಾಲು: ಈ ಬ್ರೌಸರ್ ಅನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು. "ಯಾವ ಸಂಸ್ಥೆಯಪ್ಪಾ ಇದು? ನಾನು ರಿಟೈರ್ ಆಗಿ ಎಷ್ಟು ವರ್ಷ ಆಯ್ತು!"

ಆಫೀಸಿನ ಕಂಪ್ಯೂಟರ್‌ಗಳಲ್ಲಿ ಈ ಸಾಲು ಸಹಜ. ಅಲ್ಲಿ ನೂರಾರು ಯಂತ್ರಗಳಿಗೆ ಒಂದೇ ಸಲ ನಿಯಮ ಹಾಕಲು ಪಾಲಿಸಿ ಅನ್ನುವ ಸೌಲಭ್ಯ ಇದೆ. ಮನೆ ಕಂಪ್ಯೂಟರ್‌ನಲ್ಲೂ ಕೆಲವು ಸಾಚಾ ಆಂಟಿವೈರಸ್‌ಗಳು ಅದನ್ನು ಬಳಸುತ್ತವೆ, ಹಾಗಾಗಿ ಆ ಸಾಲು ಕಂಡ ತಕ್ಷಣ ಗಾಬರಿ ಬೀಳಬೇಕಿಲ್ಲ. ಆದರೆ ಕಳ್ಳರಿಗೂ ಅದೇ ಬಾಗಿಲು. ಅಡ್ರೆಸ್ ಬಾರ್‌ನಲ್ಲಿ ಕ್ರೋಮ್‌ನ ಪಾಲಿಸಿ ಪುಟ ತೆರೆದೆ. ಒಂದು ಎಕ್ಸ್‌ಟೆನ್ಷನ್ ಅನ್ನು ಕಡ್ಡಾಯವಾಗಿ ಹಾಕಬೇಕು ಅಂತ ನಿಯಮ, ಎದುರಿಗೆ ಅದರ ಗುರುತು, 32 ಇಂಗ್ಲಿಷ್ ಅಕ್ಷರಗಳ ಒಂದು ಸಾಲು. ನೋಡಲು ಅರ್ಥವಿಲ್ಲದ್ದು, ಆದರೆ ಎಕ್ಸ್‌ಟೆನ್ಷನ್ ಪುಟದಲ್ಲಿದ್ದ ಗುರುತಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿದರೆ ಎರಡೂ ಒಂದೇ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿ ತೆರೆದು, ಮೊದಲು ಬ್ಯಾಕಪ್ ತೆಗೆದುಕೊಂಡು (ಇದನ್ನು ಮರೆತು ಒಂದು ಸಲ ಪಟ್ಟ ಪಾಡು ಈಗಲೂ ನೆನಪಿದೆ), ಆ ನಿಯಮ ಅಳಿಸಿದೆ. ಬ್ರೌಸರ್ ಮುಚ್ಚಿ ತೆರೆದರೆ ಎಕ್ಸ್‌ಟೆನ್ಷನ್ ಮಾಯ. ಗೂಗಲ್ ಬಂತು.

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಮತ್ತೆ ಅದೇ ಪುಟ, ಅದೇ ಸಂಸ್ಥೆ.

ನಿಜ ಹೇಳಬೇಕೆಂದರೆ ಇಲ್ಲಿಂದ ನನಗೆ ಕೋಪಕ್ಕಿಂತ ಕುತೂಹಲ ಜಾಸ್ತಿ ಆಯಿತು. ಯಾವುದೋ ಒಂದು ಪ್ರತಿ ಸಲ ಶುರುವಾದಾಗಲೂ ಬಂದು ನಿಯಮವನ್ನು ವಾಪಸ್ ಬರೆದು ಹೋಗುತ್ತಿದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ಆಗ ಆಟೋರನ್ಸ್ ನೆನಪಾಯಿತು. ಮಾರ್ಕ್ ರಸಿನೋವಿಚ್ ಮತ್ತು ಅವರ ಜೊತೆಗಾರರು ಮಾಡಿದ ಪುಟ್ಟ ತಂತ್ರಾಂಶ ಅದು, ಈಗ ಮೈಕ್ರೋಸಾಫ್ಟ್ ಪುಟದಲ್ಲೇ ಪುಕ್ಕಟೆ ಸಿಗುತ್ತದೆ. (2005ರಲ್ಲಿ ಸೋನಿ ಬಿಎಂಜಿಯ ಹಾಡಿನ ಸಿಡಿಗಳು ಕಂಪ್ಯೂಟರ್‌ನಲ್ಲಿ ಗುಟ್ಟಾಗಿ ಅಡಗಿಸಿಡುತ್ತಿದ್ದ ರೂಟ್‌ಕಿಟ್ ಅನ್ನು, ಅಂದರೆ ಕಣ್ಣಿಗೆ ಬೀಳದಂತೆ ಅವಿತಿರುವ ತಂತ್ರಾಂಶವನ್ನು, ಬಯಲಿಗೆಳೆದವರೂ ಈ ರಸಿನೋವಿಚ್ಚೇ.) ವಿಂಡೋಸ್ ಜೊತೆ ತಾನಾಗಿ ಶುರುವಾಗುವ ಎಲ್ಲವನ್ನೂ ಅದು ತೋರಿಸುತ್ತದೆ. ಮೈಕ್ರೋಸಾಫ್ಟ್‌ನವನ್ನು ಮರೆಮಾಡಿದ ಮೇಲೂ ಒಂದು ಮಾರುದ್ದ ಪಟ್ಟಿ ಉಳಿಯಿತು. ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್ ಭಾಗದಲ್ಲಿ ಅಪ್‌ಡೇಟ್ ಅಂತ ಸಾಧುವಾದ ಹೆಸರಿಟ್ಟುಕೊಂಡ ಒಂದು ಕೂತಿತ್ತು. ಯಾರು ಮಾಡಿದ್ದು ಅನ್ನುವ ಕಾಲಂ ಖಾಲಿ. ಫೈಲ್ ಇದ್ದದ್ದು ತಂತ್ರಾಂಶಗಳು ಸಾಮಾನ್ಯವಾಗಿ ಕೂರುವ ಪ್ರೋಗ್ರಾಂ ಫೈಲ್ಸ್‌ನಲ್ಲಿ ಅಲ್ಲ, ಅವು ತಮ್ಮ ಮಾಹಿತಿ ಇಟ್ಟುಕೊಳ್ಳುವ ಆಪ್‌ಡೇಟಾ ಒಳಗಿನ ಯಾವುದೋ ಫೋಲ್ಡರ್‌ನಲ್ಲಿ. ಲಾಗಿನ್ ಆದ ಕೂಡಲೇ ಓಡು ಅಂತ ಆಜ್ಞೆ. ಸಿಕ್ಕಿದೆಯಲ್ಲೋ ಅಂದುಕೊಂಡೆ.

ಇದು ಬಂದದ್ದು ಎಲ್ಲಿಂದ ಅಂತ ನೋಡಲು ಇನ್‌ಸ್ಟಾಲ್ ಆದ ಆಪ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಹೋದ ತಿಂಗಳು ಒಂದೇ ದಿನ ಮೂರು ಬಂದಿದ್ದವು: ಒಂದು ಪಿಡಿಎಫ್ ಕನ್ವರ್ಟರ್, ಒಂದು ಕಂಪ್ಯೂಟರ್ ಚುರುಕು ಮಾಡುವ 'ಬೂಸ್ಟರ್', ಒಂದು ಹುಡುಕಾಟ ಸಹಾಯಕ. "ಅಪ್ಪಾ, ಆವತ್ತು ಏನು ಡೌನ್‌ಲೋಡ್ ಮಾಡಿದಿರಿ?" ಅಂತ ಸ್ವಲ್ಪ ಗತ್ತಿನಲ್ಲೇ ಕೇಳಿದೆ.

"ಆವತ್ತು ನೀನೇ ಕೂತಿದ್ದೆ ಕಣೋ. ನಿನ್ನ ಲ್ಯಾಪ್‌ಟಾಪ್ ಚಾರ್ಜ್ ಇಲ್ಲ ಅಂತ."

ಹೌದು. ಯಾವುದೋ ಅರ್ಜಿಯ ಪಿಡಿಎಫ್ ಅನ್ನು ವರ್ಡ್‌ಗೆ ತರಬೇಕಿತ್ತು, ಕೊನೆ ದಿನ, ಅರ್ಧ ಗಂಟೆ ಟೈಮಿತ್ತು. ಹುಡುಕಿದಾಗ ಮೊದಲು ಬಂದದ್ದನ್ನೇ ಒತ್ತಿದ್ದೆ. ಅದು ಜಾಹೀರಾತು ಅಂತ ಪಕ್ಕದಲ್ಲೇ ಬರೆದಿರುತ್ತದೆ, ಆದರೆ ಆತುರದಲ್ಲಿ ಯಾರು ನೋಡುತ್ತಾರೆ? ಆಮೇಲೆ ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ. ಇವರ ವ್ಯಾಪಾರ ನಡೆಯುವುದೇ ಆ ನೆಕ್ಸ್ಟ್‌ಗಳಲ್ಲಿ. 'ರೆಕಮೆಂಡೆಡ್' ಅಂತ ಮೊದಲೇ ಆರಿಸಿಟ್ಟಿರುತ್ತಾರೆ, ಜೊತೆಗೆ ಬರುವ ಸಾಮಾನು ಕಾಣಬೇಕೆಂದರೆ 'ಕಸ್ಟಮ್' ಒತ್ತಿ ಟಿಕ್‌ಗಳನ್ನು ತೆಗೆಯಬೇಕು. ಕೆಲವು ಕಡೆ ಬೇಡ ಅನ್ನುವ ಬಟನ್‌ಗೆ ಎಂಥ ಮಾಸಲು ಬಣ್ಣ ಕೊಟ್ಟಿರುತ್ತಾರೆ ಅಂದರೆ ಅದು ಕೆಲಸ ಮಾಡುವುದಿಲ್ಲವೇನೋ ಅನಿಸಬೇಕು. ಆಂಟಿವೈರಸ್ ಎಷ್ಟೋ ಸಲ ಸುಮ್ಮನಿರುವುದೂ ಇದಕ್ಕೇ. ಕದ್ದು ನುಗ್ಗಿದ್ದನ್ನು ಅದು ಹಿಡಿಯುತ್ತದೆ, ಇವನ್ನು ನಾನೇ ಕೈಹಿಡಿದು ಒಳಗೆ ಕರೆದಿದ್ದೆ.

ವಿಂಡೋಸ್ ಸೆಕ್ಯುರಿಟಿಯಲ್ಲಿ ಇಂಥವಕ್ಕೆಂದೇ ಒಂದು ಸ್ವಿಚ್ ಇದೆ, ಬೇಡವಾಗಬಹುದಾದ ಆಪ್‌ಗಳನ್ನು ತಡೆಯುವುದು. ಆಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ರೆಪ್ಯುಟೇಶನ್ ಅನ್ನುವ ಕಡೆ ಸಿಗುತ್ತದೆ. ನಮ್ಮಲ್ಲಿ ಅದು ಆಫ್ ಆಗಿತ್ತು. ತಮಾಷೆ ಅಂದರೆ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಹುಟ್ಟಿದ್ದೇ ಸ್ಪೈವೇರ್, ಅಂದರೆ ಗುಟ್ಟಾಗಿ ಬೇಹುಗಾರಿಕೆ ಮಾಡುವ ತಂತ್ರಾಂಶ, ಹಿಡಿಯಲು. ಮೈಕ್ರೋಸಾಫ್ಟ್ 2004ರ ಕೊನೆಗೆ ಒಂದು ಸಣ್ಣ ಕಂಪನಿಯನ್ನು ಕೊಂಡು, ಅದರ ಆಂಟಿಸ್ಪೈವೇರ್ ಅನ್ನು 2005ರ ಜನವರಿಯಲ್ಲಿ ಬೀಟಾ ಆಗಿ ಬಿಟ್ಟಿತ್ತು. ಅದೇ ಮುಂದೆ ಡಿಫೆಂಡರ್ ಆಯಿತು.

ಉಳಿದದ್ದು ಬೇಗ ಆಯಿತು. ಮೂರನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ, ಆ ಟಾಸ್ಕ್ ಮತ್ತು ಅದರ ಫೈಲ್ ಅಳಿಸಿದೆ, ಆಮೇಲೆ ಪಾಲಿಸಿ ತೆಗೆದೆ. ಈ ಸಲ ರೀಸ್ಟಾರ್ಟ್ ಮಾಡಿದರೂ ವಾಪಸ್ ಬರಲಿಲ್ಲ. ಇಂಥ ಜಾಹೀರಾತು ತಂತ್ರಾಂಶಗಳನ್ನು ಗುಡಿಸುವ ಆಡ್‌ಡಬ್ಲ್ಯೂಕ್ಲೀನರ್ ಅನ್ನು ಒಂದು ಸುತ್ತು ಓಡಿಸಿದೆ, ಇನ್ನೂ ಕೆಲವು ಚೂರುಪಾರು ಸಿಕ್ಕವು. ಕೊನೆಗೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಅದು ವಿಂಡೋಸ್ ಏಳುವ ಮುಂಚೆಯೇ ನೋಡುವುದರಿಂದ ಅಡಗಿರುವವಕ್ಕೆ ಅವಿತುಕೊಳ್ಳಲು ಜಾಗ ಇರುವುದಿಲ್ಲ. ಹೆಚ್ಚುಕಡಿಮೆ ಕಾಲು ಗಂಟೆ ಹಿಡಿಯಿತು. ಏನೂ ಸಿಗಲಿಲ್ಲ.

ಆದರೂ ಒಂದು ತಿಂಗಳು ಆ ಎಕ್ಸ್‌ಟೆನ್ಷನ್ ಬ್ರೌಸರ್‌ನಲ್ಲಿತ್ತಲ್ಲ. ಅದಕ್ಕೆ ಕೊಟ್ಟಿದ್ದ ಅನುಮತಿ ಓದಿದಾಗ ಎದೆ ಧಸಕ್ಕೆಂದಿತು: ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದುವುದು ಮತ್ತು ಬದಲಾಯಿಸುವುದು. ಓದಿತ್ತೋ ಬಿಟ್ಟಿತ್ತೋ ದೇವರಿಗೇ ಗೊತ್ತು. ಅಪ್ಪನ ಮೊಬೈಲ್‌ನಿಂದ ಪಾಸ್‌ವರ್ಡ್ ಬದಲಾಯಿಸುತ್ತಾ ಕೂತೆವು. ಮೊದಲು ಇಮೇಲ್, ಯಾಕೆಂದರೆ ಉಳಿದ ಬೀಗಗಳ ಕೀ ಎಲ್ಲ ಇರುವುದು ಅಲ್ಲೇ. ಆಮೇಲೆ ಬ್ಯಾಂಕ್. ಎಲ್ಲ ಕಡೆ ಲಾಗಿನ್ ಆಗಿರುವ ಬೇರೆ ಸಾಧನಗಳಿಂದಲೂ ಹೊರಬಂದೆವು, ಬರೀ ಪಾಸ್‌ವರ್ಡ್ ಬದಲಾಯಿಸಿದರೆ ಕೆಲವು ಸಲ ಹಳೆಯ ಲಾಗಿನ್ ಹಾಗೇ ಉಳಿದುಬಿಡುತ್ತದೆ.

ಕೊನೆಯದಾಗಿ ಅಪ್ಪನ ಅಕೌಂಟ್ ಅನ್ನು ಸ್ಟ್ಯಾಂಡರ್ಡ್ ಮಾಡಿ, ಅಡ್ಮಿನ್ ಅನ್ನು ಬೇರೆ ಇಡೋಣ ಅಂದೆ. ಆಗ ಪಾಸ್‌ವರ್ಡ್ ಇಲ್ಲದೆ ಯಾವ ತಂತ್ರಾಂಶವೂ ಇಡೀ ಕಂಪ್ಯೂಟರ್‌ಗೆ ಕೈ ಹಾಕಲಾಗುವುದಿಲ್ಲ. ಅಪ್ಪ ಒಪ್ಪಿದರು. ಆದರೆ ಅಡ್ಮಿನ್ ಪಾಸ್‌ವರ್ಡ್ ತಾವೇ ಹಾಕಿ ತಾವೇ ಇಟ್ಟುಕೊಂಡರು. "ಕನ್ವರ್ಟರ್ ಹಾಕಿದ್ದು ನಾನಲ್ಲವಲ್ಲ" ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಮುಂದಿನ ವಾರ ಪ್ರಿಂಟರ್‌ನ ತಂತ್ರಾಂಶ ಹಾಕಬೇಕಾಯಿತು. ಅಪ್ಪ ಬಂದು, ಎಡಗೈ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದರು. ಮುಗಿಯಿತು ಅಂದುಕೊಂಡರೆ ಕುರ್ಚಿ ಬಿಟ್ಟು ಏಳಲೇ ಇಲ್ಲ. ಪ್ರತಿ ಪುಟವನ್ನೂ ಜೋರಾಗಿ ಓದುತ್ತಾ ಹೋದರು, ನಾನು ಪಕ್ಕದಲ್ಲಿ ನಿಂತು ಆಕಳಿಸುತ್ತಿದ್ದೆ. ನಾಲ್ಕನೇ ಪುಟದಲ್ಲಿ ಬೆರಳು ನಿಂತಿತು. "ಇಲ್ಲೊಂದು ಟಿಕ್ ಇದೆಯಲ್ಲೋ, ಇದೇನು?"

ಬಗ್ಗಿ ನೋಡಿದೆ. ನಾವು ಏನೇನು ಪ್ರಿಂಟ್ ಮಾಡುತ್ತೇವೆ ಅನ್ನುವ ಲೆಕ್ಕವನ್ನು ಅವರಿಗೆ ಕಳಿಸುವ ಒಪ್ಪಿಗೆ.

"ತೆಗೀಲಾ?"

"ತೆಗೀರಿ."