ಕೊನೆಗೂ ಕಿತ್ತು ಬಂತು ಆ ಹಲಗೆ

ಮೂರು ವಾರ ನನ್ನ ಜೀವ ತಿಂದ ಹಲಗೆ ನಿನ್ನೆ ರಾತ್ರಿ ಒಂದೂವರೆಗೆ ಕೈಗೆ ಕಿತ್ತು ಬಂತು. ಅಂಟಿಕೊಂಡು ಕೂರದೆ ಕಿತ್ತು ಬರಲಿ ಅಂತಲೇ ಇಷ್ಟು ಒದ್ದಾಟ.

ನಾನು ಕಟ್ಟುತ್ತಿರೋದು ಅಮೆರಿಕದ ನ್ಯೂ ಆರ್ಲಿಯನ್ಸ್‌ನ 900 ಸರಣಿಯ ಟ್ರಾಮಿನ ಪುಟ್ಟ ಮಾದರಿ, 1:24 ಅಳತೆ (ಅಸಲಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲು). ಬಾಡಿ, ಪ್ರೈಮರ್, ಬಣ್ಣದ ಕಥೆ ಬಿಡಿ, ನಿಮಗೆ ಗೊತ್ತಿದ್ದದ್ದೇ. ತಲೆನೋವು ತಂದದ್ದು ಸೀಟಿನ ಮೇಲೆ ನಿಲ್ಲುವ 'ಕಲರ್ಡ್ ಜನಕ್ಕೆ ಮಾತ್ರ' ಅನ್ನೋ ಹಲಗೆ. ಹಲಗೆಯ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕಪ್ಪು ಜನಕ್ಕೆ. ಅದರ ಕೆಳಗೆ ಎರಡು ಗೂಟ, ಸೀಟಿನ ಒರಗಿನ ನೆತ್ತಿಯಲ್ಲಿ ಎರಡು ತೂತು. ಬಿಳಿಯರು ಜಾಸ್ತಿ ಹತ್ತಿದರೆ ಹಲಗೆ ಕಿತ್ತು ಹಿಂದಿನ ಸಾಲಿಗೆ ಸಿಕ್ಕಿಸೋದು. ಅಲ್ಲಿ ಕೂತಿದ್ದ ಕಪ್ಪು ಜನ ಎದ್ದು ಹಿಂದೆ ಸರೀಬೇಕು. 1958ರವರೆಗೂ ಇದೇ ನಡೆದಿತ್ತು.

0.5 ಮಿ.ಮೀ. ಡ್ರಿಲ್ ಬಿಟ್ ನಾಲ್ಕು ಮುರಿದವು. 0.5 ಅಂತ ಅಂಗಡಿಯವನು ಕೊಟ್ಟ ಹಿತ್ತಾಳೆ ತಂತಿ ಕ್ಯಾಲಿಪರ್‌ಗೆ ಹಿಡಿದರೆ 0.62! ಫೋನ್ ಮಾಡಿದರೆ, "ಸ್ವಲ್ಪ ಉಜ್ಕೊಳ್ಳಿ ಸಾರ್" ಅಂದ ಪುಣ್ಯಾತ್ಮ. ರೋಸಿಹೋಗಿ ಸೂಪರ್ ಗ್ಲೂ ಸುರಿದು ಅಂಟಿಸಿಬಿಟ್ಟೆ.

ಮಗಳು ಬಂದು ನೋಡಿದಳು. "ಅಪ್ಪಾ, ಇದೂ ಆ ಬೆಂಚ್ ಥರಾನೇ ಆಯ್ತಲ್ಲ?"

ಬೆಂಚು ಅಂದರೆ ಪಕ್ಕದಲ್ಲಿರೋ ನನ್ನ ಇನ್ನೊಂದು ಮಾದರಿ, ದಕ್ಷಿಣ ಆಫ್ರಿಕಾದ ರೈಲ್ವೆ ಪ್ಲಾಟ್‌ಫಾರಂದು. ಅದರ ಮೇಲೆ 'ಬಿಳಿಯರಿಗೆ ಮಾತ್ರ' ಅಂತ ಬಣ್ಣದಲ್ಲೇ ಬರೆದದ್ದು, ಜನ ಹೆಚ್ಚಾಗಲಿ ಕಮ್ಮಿಯಾಗಲಿ ಕದಲಲ್ಲ. ನ್ಯೂ ಆರ್ಲಿಯನ್ಸ್ ಇರೋ ಲೂಸಿಯಾನಾ ರಾಜ್ಯದಲ್ಲಿ ಬಿಳಿಯರಿಗೂ ಕಪ್ಪು ಜನಕ್ಕೂ ಬೇರೆ ಬೇರೆ ಬೋಗಿ ಅಂದ 1890ರ ರೈಲು ಕಾನೂನು ಬಾಯಿಮಾತಿಗಾದರೂ 'ಸಮಾನ' ಅಂದಿತ್ತು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಅದಕ್ಕೆ ಮುದ್ರೆ ಒತ್ತಿತು. ದಕ್ಷಿಣ ಆಫ್ರಿಕಾದಲ್ಲಿ ಆಗಿದ್ದು ಉಲ್ಟಾ. ಕೇಪ್‌ಟೌನ್ ಸ್ಟೇಷನ್ನಿನ ವೇಟಿಂಗ್ ರೂಮ್ ಕೇಸಿನಲ್ಲಿ, ಸೌಕರ್ಯ ಸಮಾನವಾಗಿಲ್ಲದಿದ್ದರೆ ಹೀಗೆ ಬೇರ್ಪಡಿಸೋದು ನಡೆಯಲ್ಲ ಅಂತ ಕೋರ್ಟು ಹೇಳಿತು. ಸರ್ಕಾರ ಅದೇ 1953ರಲ್ಲಿ, ಸಮಾನವಾಗಿರಲೇಬೇಕಿಲ್ಲ ಅಂತ ಹೊಸ ಕಾನೂನನ್ನೇ ತಂದುಬಿಟ್ಟಿತು. ಸುಳ್ಳಿನ ಮುಸುಕೂ ಬೇಡ ಅನ್ನೋ ಧೈರ್ಯ ನೋಡಿ!

ಮಗಳು ಹೇಳಿದ್ದು ಸರಿ. ಅಂಟಿಸಿದ ಹಲಗೆ ಅಮೆರಿಕದ್ದಲ್ಲ. ಅಸಿಟೋನ್ ಹಾಕಿ ಬಿಡಿಸಿದೆ (ಒಂದು ಸೀಟಿನ ಬಣ್ಣ ಹೋಯ್ತು, ಹೋಗಲಿ). ಗೂಟಕ್ಕೆ 0.4ರ ಗಿಟಾರ್ ತಂತಿ ಹಾಕಿದೆ. ಆದರೂ ಹಲಗೆ ವಾಲುತ್ತಿತ್ತು. ಕೊನೇ ಸ್ಟಾಪಿನಲ್ಲಿ ಟ್ರಾಮ್ ತಿರುಗಲ್ಲ, ಸೀಟಿನ ಒರಗನ್ನೇ ಮಗುಚುತ್ತಾರೆ. ಹಾಗಾಗಿ ತೂತು ನಟ್ಟನಡುವೆ ಇರಬೇಕು. ನಾನು ಒಂದು ಪಕ್ಕಕ್ಕೆ ಕೊರೆದಿದ್ದೆ. ಐವತ್ತೆರಡು ಸೀಟು ಮತ್ತೆ ಮೊದಲಿಂದ.

ಮುಂದಿನ ಮಾದರಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್, 1893ರ ಜೂನ್ 7, ಗಾಂಧೀಜಿಯನ್ನು ರೈಲಿನಿಂದ ಇಳಿಸಿದ ರಾತ್ರಿ. ಅದಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ, ಅದೇ ಜೂನ್ 7ಕ್ಕೆ, ನ್ಯೂ ಆರ್ಲಿಯನ್ಸ್‌ನಲ್ಲಿ ಬಿಳಿಯರ ಬೋಗಿಯಲ್ಲಿ ಕೂತಿದ್ದಕ್ಕೆ ಹೋಮರ್ ಪ್ಲೆಸ್ಸಿಯನ್ನು ಹಿಡಿದಿದ್ದರು; 1896ರ ಆ ತೀರ್ಪು ಬಂದದ್ದು ಇವನ ಕೇಸಿನಲ್ಲೇ. ಎರಡನ್ನೂ ಒಂದೇ ಬೇಸ್‌ಬೋರ್ಡಿನಲ್ಲಿ ಕೂರಿಸೋ ಆಸೆ. ಆ ತಂತಿ ಅಂಗಡಿಗಂತೂ ಕಾಲಿಡಲ್ಲ.