ಒರ್ಲ್ಯಾಂಡೊದಲ್ಲಿ ಬೆಳಿಗ್ಗೆ 6, ಮಡಿಕೇರಿಯಲ್ಲಿ ಮಧ್ಯಾಹ್ನ ಮೂರೂವರೆ

ಮಡಿಕೇರಿಯ ನಮ್ಮ ಆಫೀಸಿನ ಗೋಡೆಯಲ್ಲಿ ಎರಡು ಗಡಿಯಾರ ಇವೆ. ಒಂದು ನಮ್ಮೂರಿನ ಸಮಯ ತೋರಿಸುತ್ತದೆ. ಇನ್ನೊಂದರ ಕೆಳಗೆ ಬಿಳಿ ಟೇಪ್ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ‘ಒರ್ಲ್ಯಾಂಡೊ’ ಎಂದು ಬರೆದಿದ್ದೇನೆ. ಅದನ್ನು ತಂದದ್ದು 2025ರ ಮಾರ್ಚ್ 12ರಂದು. ಹಿಂದಿನ ದಿನ ನಾನು ಮಾಡಿದ ತಪ್ಪೇ ಅದಕ್ಕೆ ಕಾರಣ.

ನಾನು ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮೊದಲೆಲ್ಲ ಕೊಡಗಿಗೆ ಬರುವವರ ಕೆಲಸ ಮಾತ್ರ ಇತ್ತು. ಹೋಂಸ್ಟೇ, ಮಾಂದಲ್‌ಪಟ್ಟಿಗೆ ಜೀಪು, ದುಬಾರೆ, ತಲಕಾವೇರಿ, ಇಷ್ಟೇ. ಈಗ ಇಲ್ಲಿಂದ ಹೊರಗೆ ಹೋಗುವವರೂ ಬರುತ್ತಾರೆ. ಅಮೆರಿಕದಲ್ಲಿ ಅಕ್ಕನೋ ತಮ್ಮನೋ ಇರುವವರು, ‘ಹೇಗೂ ಹೋಗ್ತಾ ಇದ್ದೀವಿ, ಮಕ್ಕಳಿಗೆ ಡಿಸ್ನಿ ವರ್ಲ್ಡ್ ತೋರಿಸೋಣ’ ಎನ್ನುತ್ತಾರೆ. ಹಲವು ಪಾರ್ಕು, ಹೋಟೆಲುಗಳಿರುವ ಆ ದೊಡ್ಡ ಜಾಗ ಇರುವುದು ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ಹತ್ತಿರ. ವೀಸಾ, ವಿಮಾನ, ಹೋಟೆಲ್ ಎಲ್ಲ ಹೇಗೋ ಆಗುತ್ತದೆ. ಕೈ ಕೊಡುವುದು ಊಟದ ಟೇಬಲ್.

‘ದುಡ್ಡು ಕೊಟ್ರೆ ಊಟ ಸಿಗಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಸಿಗುತ್ತದೆ. ಕೌಂಟರಿನಲ್ಲಿ ಬರ್ಗರ್, ಪಿಜ್ಜಾ ತಗೊಂಡು ಎಲ್ಲಿ ಬೇಕಾದರೂ ಕೂತು ತಿನ್ನಬಹುದು. ಆದರೆ ಮಕ್ಕಳು ಕೇಳುವುದು ಅದನ್ನಲ್ಲ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ನಡುವೆ ನಿಂತಿರುವ ಸಿಂಡ್ರೆಲಾ ಕೋಟೆಯ ಒಳಗೇ ಒಂದು ರೆಸ್ಟೋರೆಂಟ್ ಇದೆ, ಸಿಂಡ್ರೆಲಾಸ್ ರಾಯಲ್ ಟೇಬಲ್. ಊಟ ಮಾಡುವಾಗ ರಾಜಕುಮಾರಿಯರು ಬಂದು ಮಾತಾಡಿಸುತ್ತಾರೆ. ಎಪ್ಕಾಟ್ ಪಾರ್ಕಿನಲ್ಲಿ 2021ರಲ್ಲಿ ಶುರುವಾದ ಸ್ಪೇಸ್ 220 ಇದೆ. ಅಲ್ಲಿ ಲಿಫ್ಟಿನಲ್ಲಿ ಹತ್ತಿದರೆ ಭೂಮಿಯಿಂದ 220 ಮೈಲಿ ಮೇಲೆ ಹೋದ ಹಾಗೆ ಅನಿಸುತ್ತದೆ. ಕಿಟಕಿಯಲ್ಲಿ ಕೆಳಗೆ ಭೂಮಿ ಕಾಣಿಸುತ್ತದೆ. ಡಿಸ್ನಿಯದೇ ಆದ ರಿವಿಯೆರಾ ಹೋಟೆಲಿನ ಮೇಲಿರುವ ಟೊಪೊಲಿನೋಸ್ ಟೆರೇಸ್‌ನಲ್ಲಿ ಮಿಕ್ಕಿ, ಮಿನ್ನಿ ಜೊತೆ ಬೆಳಗಿನ ತಿಂಡಿ. ಪ್ರಪಂಚದ ಎಲ್ಲ ಕಡೆಯಿಂದ ಬಂದವರಿಗೂ ಬೇಕಾಗಿರುವುದು ಇವೇ. ಟೇಬಲ್‌ಗಳು ಮಾತ್ರ ಕೆಲವೇ ಇವೆ.

ಬುಕಿಂಗ್ ತೆರೆಯುವುದು 60 ದಿನ ಮೊದಲು. ಅಲ್ಲಿಯ ಬೆಳಿಗ್ಗೆ 6ರ ಹೊತ್ತಿಗೆ ವೆಬ್‌ಸೈಟಿನಲ್ಲಿ ಶುರುವಾಗುತ್ತದೆ. ಬೇಡಿಕೆ ಜಾಸ್ತಿ ಇರುವ ಜಾಗಗಳ ಒಳ್ಳೆಯ ಹೊತ್ತುಗಳು ಕೆಲವೇ ನಿಮಿಷಗಳಲ್ಲಿ ಹೋಗಿಬಿಡುತ್ತವೆ. ಅಲ್ಲಿಯವರು ಅಲಾರಾಂ ಇಟ್ಟು, ಕತ್ತಲಲ್ಲೇ ಎದ್ದು ಕೂರಬೇಕು. ನಮಗೆ ಆಗ ಮಧ್ಯಾಹ್ನ. ಊಟ ಮಾಡಿ, ಕಾಫಿ ಕುಡಿದು, ಆರಾಮಾಗಿ ಕೂರಬಹುದು. ಕೊಡಗಿನಲ್ಲಿ ಕೂತು ಈ ಕೆಲಸ ಮಾಡುವುದರಲ್ಲಿ ಇದೊಂದು ಅನುಕೂಲ ಎಂದು ನಾನು ತುಂಬ ಜನರಿಗೆ ಹೇಳಿದ್ದೇನೆ. ಅದೇ ಅನುಕೂಲದಲ್ಲೇ ನಾನು ಎಡವಿದೆ.

ಸಿದ್ದಾಪುರದ ಕಡೆಯ ಒಂದು ಕಾಫಿ ಬೆಳೆಗಾರರ ಮನೆ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು. ಮೇ 10ಕ್ಕೆ ಅಲ್ಲಿ ಡಿಸ್ನಿಯದೇ ಹೋಟೆಲಿಗೆ ಚೆಕ್ ಇನ್. ಮೇ 12 ಚಿಕ್ಕವಳ ಹುಟ್ಟುಹಬ್ಬ, 6 ತುಂಬುತ್ತದೆ. ಆಫೀಸಿಗೆ ಬಂದಾಗ ಅವಳು ನನ್ನ ಮೇಜಿನ ಮೇಲಿದ್ದ ಕಾಗದದಲ್ಲಿ ಒಂದು ಕೋಟೆ ಬರೆದಳು. ಕೋಟೆಯ ಒಳಗೆ ಒಂದು ಮೇಜು. ಮೇಜಿನ ಸುತ್ತ ಐದು ಕುರ್ಚಿ. ಬೇರೆ ಏನೂ ಅವಳಿಗೆ ಬೇಕಿರಲಿಲ್ಲ.

ಡಿಸ್ನಿಯ ಹೋಟೆಲಿನಲ್ಲಿ ಉಳಿಯುವವರಿಗೆ 60 ದಿನ ಎಣಿಸುವುದು ಚೆಕ್ ಇನ್ ದಿನದಿಂದ. ಮೇ 10ರಿಂದ ಹಿಂದಕ್ಕೆ ಎಣಿಸಿದರೆ ಮಾರ್ಚ್ 11. ನನ್ನ ಡೈರಿಯಲ್ಲಿ ಫೆಬ್ರವರಿಯಲ್ಲೇ ಬರೆದಿಟ್ಟಿದ್ದೆ: ‘ಮಾರ್ಚ್ 11, ಸಂಜೆ 4.30, ಕೋಟೆ.’ ಚಳಿಗಾಲದಲ್ಲಿ ಅಲ್ಲಿಯ ಬೆಳಿಗ್ಗೆ 6 ಎಂದರೆ ನಮ್ಮ ಸಂಜೆ ನಾಲ್ಕೂವರೆ. ಲೆಕ್ಕ ಸರಿಯಾಗಿಯೇ ಇತ್ತು, ಫೆಬ್ರವರಿಗೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. 2025ರಲ್ಲಿ ಅದು ಮಾರ್ಚ್ 9. ಅಂದರೆ 11ನೇ ತಾರೀಕು ಅಲ್ಲಿಯ ಬೆಳಿಗ್ಗೆ 6 ನಮಗೆ ಮೂರೂವರೆ ಆಗಿತ್ತು.

ಅವತ್ತು ಮಧ್ಯಾಹ್ನ ಮೋಡ ಕಟ್ಟಿತ್ತು. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಕಾಯುತ್ತಿದ್ದ ಸಮಯ. ಮಳೆ ಬಂದು ಕರೆಂಟ್ ಹೋದರೆ ಎಂದು ಲ್ಯಾಪ್‌ಟಾಪ್ ಚಾರ್ಜ್ ಮಾಡಿದೆ. ನೆಟ್ ಕೈಕೊಟ್ಟರೆ ಎಂದು ಎರಡು ಫೋನ್ ಪಕ್ಕದಲ್ಲಿಟ್ಟೆ. ಬರಬಹುದಾದ ತೊಂದರೆಗೆಲ್ಲ ತಯಾರಿ ಮಾಡಿಕೊಂಡು 4 ಗಂಟೆ 20 ನಿಮಿಷಕ್ಕೆ ಲಾಗಿನ್ ಆದೆ. ಬುಕಿಂಗ್ ಆಗಲೇ ತೆರೆದಿತ್ತು. ಮೇ 12, ಐದು ಜನ, ಸಿಂಡ್ರೆಲಾಸ್ ರಾಯಲ್ ಟೇಬಲ್: ಇಲ್ಲ. ಬೆಳಗಿನ ತಿಂಡಿ ಇಲ್ಲ, ಮಧ್ಯಾಹ್ನದ ಊಟ ಇಲ್ಲ, ರಾತ್ರಿಯದೂ ಇಲ್ಲ. ಏನಾಯಿತು ಎಂದು ಗೊತ್ತಾಗಲು ಎರಡು ನಿಮಿಷ ಹಿಡಿಯಿತು. ಗೊತ್ತಾದ ಮೇಲೆ ಕೈ ತಣ್ಣಗಾಯಿತು.

ಸಂಜೆಯೇ ಅವರ ಮನೆಗೆ ಫೋನ್ ಮಾಡಿದೆ. ‘ಸೈಟ್ ಪ್ರಾಬ್ಲಂ’ ಎಂದು ಹೇಳಬಹುದಿತ್ತು. ಅವರು ನಂಬುತ್ತಿದ್ದರು. ಆದರೆ ಆ ಮಗು ಕಾಗದ ತುಂಬ ಕೋಟೆ ಬರೆದು ಕೊಟ್ಟಿದೆ, ಹೇಗೆ ಸುಳ್ಳು ಹೇಳುವುದು? ‘ತಪ್ಪು ನನ್ನದು, ಒಂದು ಗಂಟೆ ತಡವಾಗಿ ಕೂತೆ’ ಎಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಪ್ಪ ಫೋನ್ ತಗೊಂಡರು. ‘ಹೂಮಳೆ ಬರ್ಲಿಲ್ಲ ಅಂದ್ರೆ ನಾವು ತೋಟ ಬಿಟ್ಟು ಹೋಗ್ತೀವಾ? ಸ್ಪ್ರಿಂಕ್ಲರ್ ಹಾಕ್ತೀವಿ. ನೀವೂ ಏನಾದ್ರೂ ನೋಡಿ’ ಎಂದರು. ಬೈದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ.

ಸರಿ, ನೋಡಲು ಕೂತೆ. ನಾನು ಈ ಕೆಲಸ ನಿಜವಾಗಿ ಕಲಿತದ್ದು ಆ ಎರಡು ತಿಂಗಳಲ್ಲಿ.

ಮೊದಲು ಸರಿಯಾಗಿ ಅರ್ಥವಾದದ್ದು ದಿನಗಳ ಲೆಕ್ಕ. ಡಿಸ್ನಿಯ ಹೋಟೆಲಿನಲ್ಲೇ ಉಳಿಯುವವರು ಚೆಕ್ ಇನ್‌ಗೆ 60 ದಿನ ಇರುವಾಗ, ಮುಂದಿನ 10 ದಿನದವರೆಗಿನ ಊಟಗಳನ್ನೂ ಒಟ್ಟಿಗೆ ಬುಕ್ ಮಾಡಬಹುದು. ಹೊರಗೆ ಉಳಿಯುವವರು ಪ್ರತಿ ಊಟಕ್ಕೂ ಆ ದಿನಕ್ಕೆ ಸರಿಯಾಗಿ 60 ದಿನ ಇರುವಾಗ ಕೂರಬೇಕು. ಹಾಗಾಗಿ ಚೆಕ್ ಇನ್ ಆದ ಏಳನೇ ದಿನದ ಊಟಕ್ಕೆ ಡಿಸ್ನಿಯ ಹೋಟೆಲಿನಲ್ಲಿ ಉಳಿಯುವವರು ಹುಡುಕುವಾಗ ಸ್ಪರ್ಧೆ ಕಡಿಮೆ. ಹೊರಗಿನವರಿಗೆ ಆ ದಿನ ಇನ್ನೂ ತೆರೆದೇ ಇರುವುದಿಲ್ಲ. ಈಗ ನಾನು ಕಷ್ಟದ ಟೇಬಲ್‌ಗಳನ್ನೆಲ್ಲ ಪ್ರವಾಸದ ಕೊನೆಯ ಕಡೆಗೆ ಇಡುತ್ತೇನೆ. ಹುಡುಕಲು ಶುರು ಮಾಡುವುದೂ ಕೊನೆಯ ದಿನದಿಂದಲೇ. ಆದರೆ ಹೋಟೆಲ್ ಬುಕಿಂಗ್ ಆ ಅಕೌಂಟಿಗೆ ಲಿಂಕ್ ಆಗಿರಬೇಕು. ಇಲ್ಲದಿದ್ದರೆ ಈ ಹತ್ತು ದಿನದ ಅನುಕೂಲ ಕಾಣಿಸುವುದೇ ಇಲ್ಲ. ಇದನ್ನು ಒಂದು ವಾರ ಮೊದಲೇ ನೋಡಿಕೊಳ್ಳಬೇಕು.

ಕಾರ್ಡ್ ವಿಷಯವೂ ಹಾಗೆ. ಬುಕ್ ಮಾಡುವಾಗ ಕಾರ್ಡ್ ನಂಬರ್ ಕೇಳುತ್ತದೆ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ನಮ್ಮ ಹೊಸ ಕಾರ್ಡುಗಳು ಮೊದಲಿಗೆ ದೇಶದ ಒಳಗೆ ಮಾತ್ರ ನಡೆಯುತ್ತವೆ. ಹೊರದೇಶದ ಬಳಕೆಯನ್ನು ನಾವೇ ಬ್ಯಾಂಕ್ ಆ್ಯಪಿನಲ್ಲಿ ಆನ್ ಮಾಡಬೇಕು. ಟೇಬಲ್ ಕಣ್ಣೆದುರಿಗಿದ್ದು, ಕಾರ್ಡ್ ನಡೆಯದೆ ಕೈತಪ್ಪುವುದು ಬೇಡ.

ಇನ್ನು ಜನರ ಲೆಕ್ಕ. ಐದು ಜನಕ್ಕೆ ಟೇಬಲ್ ಸಿಗುವುದಕ್ಕಿಂತ ನಾಲ್ಕು ಜನಕ್ಕೆ ಬೇಗ ಸಿಗುತ್ತದೆ, ಎರಡಕ್ಕೆ ಇನ್ನೂ ಬೇಗ. ದೊಡ್ಡ ಕುಟುಂಬವಾದರೆ ಹತ್ತಿರದ ಹೊತ್ತಿನಲ್ಲಿ ಎರಡು ಬುಕಿಂಗ್ ಮಾಡಿ, ಬಾಗಿಲಲ್ಲಿ ‘ನಾವು ಒಟ್ಟಿಗೆ’ ಎಂದು ಹೇಳಬಹುದು. ಅಕ್ಕಪಕ್ಕ ಕೂರಿಸುತ್ತಾರೆ ಎಂಬ ಗ್ಯಾರಂಟಿ ಇಲ್ಲ, ಅದನ್ನು ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. 3 ವರ್ಷದ ಒಳಗಿನ ಮಗುವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇನ್ನೊಂದು, ಅಲ್ಲಿ 10 ವರ್ಷ ಆದ ಕೂಡಲೇ ದೊಡ್ಡವರ ದರ. ನಮ್ಮ ಬಸ್ಸಿನ ಹಾಗೆ 12ರವರೆಗೆ ಅರ್ಧ ಟಿಕೆಟ್ ಎಂದುಕೊಂಡರೆ ಬಿಲ್ ನೋಡಿ ಬೇಜಾರಾಗುತ್ತದೆ.

ಅಜ್ಜಿ ದನದ ಮಾಂಸ ಮುಟ್ಟುವುದಿಲ್ಲ. ಇಂಥದ್ದನ್ನು ಬುಕಿಂಗ್ ಮಾಡುವಾಗಲೇ ತಿಳಿಸಿ, ಟೇಬಲಿನಲ್ಲಿ ಕೂತ ಮೇಲೆ ಇನ್ನೊಮ್ಮೆ ಹೇಳಿ ಎಂದು ಬರೆದು ಕೊಡುತ್ತೇನೆ. ಮೂರನೇ ದಿನದ ಹೊತ್ತಿಗೆ ನಮ್ಮವರ ನಾಲಿಗೆ ಅಕ್ಕಿ, ಖಾರ ಕೇಳಲು ಶುರು ಮಾಡುತ್ತದೆ. ಅದಕ್ಕೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಿನ ಸನಾ ಎಂಬ ರೆಸ್ಟೋರೆಂಟಿನಲ್ಲಿ ಒಂದು ಊಟ ಇಡುತ್ತೇನೆ. ಭಾರತದ ಮತ್ತು ಆಫ್ರಿಕಾದ ರುಚಿ ಸೇರಿದ ಅಡುಗೆ. ಬಗೆಬಗೆಯ ನಾನ್, ನೆಂಚಿಕೊಳ್ಳಲು ಬಗೆಬಗೆಯ ಚಟ್ನಿ. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಬೆಳಕಿರುವಾಗಲೇ ಹೋಗಬೇಕು ಅಷ್ಟೇ. ಹೋಟೆಲಿನ ಒಳಗಿರುವ ರೆಸ್ಟೋರೆಂಟ್‌ಗಳಿಗೆ ಪಾರ್ಕಿನ ಟಿಕೆಟ್ ಬೇಡ. ಸುಸ್ತಾಗಿ ರಜೆ ಮಾಡುವ ದಿನಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ನಿದ್ದೆಯನ್ನು. ಬೇಸಿಗೆಯಲ್ಲಿ ಅವರಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿಯ ಸಂಜೆ ಏಳೂವರೆಯ ಊಟ ಎಂದರೆ ನಮ್ಮ ದೇಹಕ್ಕೆ ಬೆಳಗಿನ ಜಾವ 5 ಗಂಟೆ. ಮಕ್ಕಳು ತಟ್ಟೆಯ ಮೇಲೆಯೇ ತೂಕಡಿಸುತ್ತಾರೆ. ಅದೇ ಮಕ್ಕಳು ಮಧ್ಯರಾತ್ರಿ 3ಕ್ಕೆ ಎದ್ದು ಹಸಿವು ಎನ್ನುತ್ತಾರೆ. ಆದ್ದರಿಂದ ಮೊದಲ ಎರಡು ಮೂರು ದಿನ ರಾತ್ರಿ ಊಟ ಬುಕ್ ಮಾಡುವುದನ್ನು ನಾನು ನಿಲ್ಲಿಸಿದ್ದೇನೆ. ಬೆಳಗಿನ ಮೊದಲ ತಿಂಡಿಯ ಹೊತ್ತು ಹಿಡಿಯುತ್ತೇನೆ. ಇಷ್ಟು ದುಡ್ಡು ಕೊಟ್ಟು ಮಗು ಮಲಗಿಬಿಟ್ಟರೆ ಅಮ್ಮನ ಮುಖ ಹೇಗಾಗಬೇಡ.

ಮತ್ತೆ ಕೋಟೆಗೆ ಬರುತ್ತೇನೆ. ಏಪ್ರಿಲ್ ಪೂರ್ತಿ ಬೆಳಿಗ್ಗೆ ಆಫೀಸಿಗೆ ಬಂದ ಕೂಡಲೇ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ ನೋಡುತ್ತಿದ್ದೆ. ಯಾವಾಗಲೂ ಇಲ್ಲ. ಬುಕ್ ಮಾಡಿದವರು ಊಟಕ್ಕೆ 2 ಗಂಟೆ ಮೊದಲಿನವರೆಗೂ ರದ್ದು ಮಾಡಬಹುದು. ಅದಕ್ಕಿಂತ ತಡವಾದರೆ ಅಥವಾ ಹೋಗದೇ ಇದ್ದರೆ ಸಾಮಾನ್ಯವಾಗಿ ತಲೆಗೆ 10 ಡಾಲರ್ ಹಿಡಿಯುತ್ತಾರೆ. ಹಾಗಾಗಿ ಕೊನೆಯ ಒಂದೆರಡು ದಿನದಲ್ಲಿ ಟೇಬಲ್‌ಗಳು ಕಳಚಿ ಬೀಳುತ್ತವೆ. ಹಲಸಿನ ಮರದ ಕೆಳಗೆ ಕಾಯುವ ಹಾಗೆ ಕಾಯಬೇಕು.

ಮೇ 12ರ ಬೆಳಿಗ್ಗೆ ನಮ್ಮಲ್ಲಿ 8 ಗಂಟೆ 10 ನಿಮಿಷ. ಅಲ್ಲಿ ಇನ್ನೂ 11ರ ರಾತ್ರಿ, 10 ಗಂಟೆ 40 ನಿಮಿಷ. ಐದು ಜನಕ್ಕೆ ಹುಡುಕಿದೆ, ಇಲ್ಲ. ನಾಲ್ಕು ಎಂದು ಒತ್ತಿದೆ. ಮಧ್ಯಾಹ್ನದ ಊಟ, ಒಂದು ಹೊತ್ತು ಬಂತು. ಯೋಚಿಸಲಿಲ್ಲ, ಹಿಡಿದೆ. ಹಿಡಿದ ಮೇಲೆ ಫೋನ್ ಮಾಡಿದೆ. ಎಲ್ಲರೂ ಮಲಗಿದ್ದರು. ಅಪ್ಪ ಎತ್ತಿದರು. ‘ನಾಲ್ಕು ಜನಕ್ಕೆ ಮಾತ್ರ ಸಿಕ್ಕಿದೆ’ ಎಂದೆ. ‘ಹಿಡಿದಿದ್ದೀರಲ್ವಾ? ಬಿಡಬೇಡಿ. ನಾನು ಹೊರಗೆ ಕೂರ್ತೀನಿ’ ಎಂದರು.

ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ನೀಲಿ ಫ್ರಾಕ್ ಹಾಕಿದ ಹುಡುಗಿ. ಪಕ್ಕದಲ್ಲಿ ಸೀರೆಯುಟ್ಟ ಅಜ್ಜಿ, ಅಣ್ಣ, ಅಮ್ಮ. ಹಿಂದೆ ಎತ್ತರದ ಬಣ್ಣದ ಗಾಜಿನ ಕಿಟಕಿ. ಅಪ್ಪ ಇಲ್ಲ. ಆ ಹುಡುಗಿ ಬರೆದ ಚಿತ್ರದಲ್ಲಿ ಐದು ಕುರ್ಚಿ ಇದ್ದವು. ಐದನೆಯದು ಖಾಲಿ ಬಿದ್ದದ್ದು ನನ್ನ ಒಂದು ಗಂಟೆಯಿಂದ.

ಈಗ ನನ್ನ ಡೈರಿಯಲ್ಲಿ ಬುಕಿಂಗ್ ಹೊತ್ತನ್ನು ನಮ್ಮ ಸಮಯಕ್ಕೆ ಬದಲಾಯಿಸಿ ಬರೆಯುವುದಿಲ್ಲ. ‘ಒರ್ಲ್ಯಾಂಡೊ ಬೆಳಿಗ್ಗೆ 6’ ಎಂದೇ ಬರೆಯುತ್ತೇನೆ. ಗೋಡೆಯ ಎರಡನೇ ಗಡಿಯಾರ ಐದೂಮುಕ್ಕಾಲು ತೋರಿಸಿದಾಗ ಕುರ್ಚಿಯಲ್ಲಿರುತ್ತೇನೆ. ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಕಳೆದ ಕೂಡಲೇ, ಸ್ಟೂಲ್ ಹತ್ತಿ ಅದರ ಮುಳ್ಳು ತಿರುಗಿಸುತ್ತೇನೆ. ಮನೆಯವರು ಮೊದಲ ಸಲ ಬಂದಾಗ ‘ಎಲ್ಲೆಲ್ಲಿ ಊಟ ಬೇಕು?’ ಎಂದು ಕೇಳುವುದನ್ನೂ ಬಿಟ್ಟಿದ್ದೇನೆ. ‘ಯಾವ ಒಂದು ಊಟ ಸಿಗದಿದ್ದರೆ ಬೇಜಾರಾಗುತ್ತೆ?’ ಎಂದು ಕೇಳುತ್ತೇನೆ, ಮಕ್ಕಳನ್ನೇ ಕೇಳುತ್ತೇನೆ. ಹತ್ತು ಹೆಸರು ಹೇಳುವವರು ಆಗ ಒಂದಕ್ಕೆ ಬಂದು ನಿಲ್ಲುತ್ತಾರೆ. ಮೊದಲ ನಿಮಿಷದಲ್ಲಿ ಕೈ ಹಾಕುವುದು ಆ ಒಂದಕ್ಕೆ.

ಇನ್ನೊಂದು ಮಾತನ್ನು ಹೊರಡುವ ಪ್ರತಿ ಮನೆಯವರಿಗೂ ಹೇಳುತ್ತೇನೆ. ಬೇಡವಾದ ಟೇಬಲ್ ಇದ್ದರೆ ಆಗಿಂದಾಗಲೇ ಬಿಟ್ಟುಕೊಡಿ. ಆ ನಾಲ್ಕು ಜನರ ಟೇಬಲ್ ರಾತ್ರಿ ಹತ್ತೂವರೆಗೆ ಯಾರೋ ಬಿಟ್ಟದ್ದು. ಯಾರು ಎಂದು ನನಗೆ ಎಂದೂ ಗೊತ್ತಾಗುವುದಿಲ್ಲ. ಆಮೇಲೆ ಒಮ್ಮೆ ಗೋಣಿಕೊಪ್ಪದ ಒಂದು ಮನೆಯವರ ಮಗುವಿಗೆ ಅಲ್ಲಿ ಜ್ವರ ಬಂತು. ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಬಂತು, ‘ನಾಳೆ ಬೆಳಿಗ್ಗೆ ಮಿಕ್ಕಿ ತಿಂಡಿಗೆ ಹೋಗಲ್ಲ, ಏನ್ ಮಾಡ್ಲಿ?’ ಎಂದು. ಅಲ್ಲಿ ಸಂಜೆ 7. ಹಾಸಿಗೆಯಲ್ಲೇ ಕೂತು ರದ್ದು ಮಾಡಿದೆ. ಐದು ನಿಮಿಷ ಬಿಟ್ಟು ಅದೇ ಹೊತ್ತಿಗೆ ಮತ್ತೆ ಹುಡುಕಿ ನೋಡಿದೆ. ಅಷ್ಟರಲ್ಲಿ ಯಾರೋ ತಗೊಂಡಾಗಿತ್ತು.