ದೊಡ್ಡಮ್ಮನ ಜೊತೆ ಶಿವಾಜಿನಗರದಿಂದ ಕುಂಬಳಗೋಡಿಗೆ

ಈಸ್ಟರಿಗೆ ಮುಂಚಿನ ವ್ರತದ ದಿನಗಳು, ಅಂದರೆ ತಪಸ್ಸುಕಾಲ ಬಂದರೆ ನಮ್ಮ ದೊಡ್ಡಮ್ಮನ ಮನೆಯಲ್ಲಿ ಮಾಂಸದ ಪಾತ್ರೆಗೆ ರಜೆ. ಆ ಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ರಾತ್ರಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಒರೆಸಿ, ಅಟ್ಟಕ್ಕೆ ಏರಿಸಿಬಿಡುತ್ತಾರೆ. ಮತ್ತೆ ಇಳಿಯುವುದು ಪಾಸ್ಕ ಹಬ್ಬಕ್ಕೇ, ಅಂದರೆ ಈಸ್ಟರಿಗೇ. ಮಧ್ಯೆ ಪಕ್ಕದ ಮನೆಯಲ್ಲಿ ಬಿರಿಯಾನಿ ಬೆಂದರೂ ನಾವು ಮೂಗು ಮುಚ್ಚಿಕೊಂಡು ಸೊಪ್ಪಿನ ಸಾರು ಉಣ್ಣಬೇಕು.

ನಿಜ ಹೇಳಬೇಕೆಂದರೆ ಧರ್ಮಸಭೆ ಇಷ್ಟೊಂದು ಕೇಳುವುದೇ ಇಲ್ಲ. ಕಥೋಲಿಕರಿಗೆ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ ಹಿಡಿದು 59ರವರೆಗಿನವರಿಗೆ ಮಾತ್ರ. ದೊಡ್ಡಮ್ಮನಿಗೆ 71. ರಿಯಾಯಿತಿ ಸಿಕ್ಕಿ ಎಷ್ಟೋ ವರ್ಷ ಆಯಿತು. ಇದನ್ನು ಹೇಳಿದರೆ, "ಫ್ರೀ ಅನ್ನೋದು ಬಸ್ಸಲ್ಲಿ ಸಾಕು ಕಣೋ, ದೇವರ ಹತ್ರ ಬೇಡ" ಅನ್ನುತ್ತಾರೆ.

ಅವರಿಗೂ ನನಗೂ ಒಂದು ಹಳೆಯ ಜಗಳವಿದೆ. ಈಗಿನ ಚರ್ಚಿನ ಗುರುಗಳ ಪ್ರಸಂಗವೆಲ್ಲ ಬರೀ ಪಾಯಸ, ಶಿಸ್ತಿನ ಖಾರವೇ ಇಲ್ಲ ಅಂತ ಅವರ ದೂರು. ನನಗೆ ಚಿಕ್ಕಂದಿನಲ್ಲೇ ಖಾರ ಜಾಸ್ತಿ ಬಿದ್ದಿದೆ, ಇನ್ನು ಸಾಕು ಅಂತ ನನ್ನ ವಾದ. ಈ ಸಲ ಅವರಿಗೆ ಕುಂಬಳಗೋಡಿನ ಆಶೀರ್ವನಂ ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಹೋಗಬೇಕಿತ್ತು. ನನಗೆ ದಾರಿಯಲ್ಲಿ ಇನ್ನೆರಡು ದೇವಾಲಯ ನೋಡುವ ಆಸೆ. ತಪಸ್ಸುಕಾಲದ ಒಂದು ಶುಕ್ರವಾರ ಬೆಳಿಗ್ಗೆ, ಒಂದು ಬಾಟಲಿ ನೀರು, ಒಂದು ಜಪಮಾಲೆ, ಒಂದು ಕೊಡೆ ತಗೊಂಡು ಹೊರಟೆವು.

ಮೊದಲು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ. ಈಗಿರುವ ಎತ್ತರದ ಗೋಪುರದ ಕಟ್ಟಡ 1882ರದ್ದು. ಬಸಿಲಿಕ, ಅಂದರೆ ಪೋಪರು ವಿಶೇಷ ಸ್ಥಾನ ಕೊಟ್ಟ ದೇವಾಲಯ, ಅನ್ನಿಸಿಕೊಂಡಿದ್ದು 1974ರಲ್ಲಿ. ಸೀರೆ ಉಟ್ಟ ಮಾತೆಯನ್ನು ನೋಡಲು ಯಾವ ಧರ್ಮದವರಾದರೂ ಬರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ. ಒಂದೇ ಒಂದು ಹೇಳಬೇಕು. ಬೆಂಚಿನ ಕೆಳಗೆ ಮೊಣಕಾಲಿಗೆ ಹಲಗೆ ಇದ್ದರೂ ದೊಡ್ಡಮ್ಮ ಬರಿ ನೆಲದ ಮೇಲೆ ಮೊಣಕಾಲೂರಿದರು. ಏಳುವಾಗ ಮೊದಲು ಒಂದು ಕೈ ಬೆಂಚಿಗೆ, ಆಮೇಲೆ ಇನ್ನೊಂದು ಕೈ ನನ್ನ ಭುಜಕ್ಕೆ. ಭುಜಕ್ಕೆ ಬಿದ್ದ ಆ ಭಾರದಿಂದಲೇ ಅವರ ಮಂಡಿ ಎಷ್ಟು ನೋಯುತ್ತಿತ್ತು ಅಂತ ಗೊತ್ತಾಯಿತು. ಬಾಯಿಂದ ಒಂದು ಮಾತಿಲ್ಲ.

ಅಲ್ಲಿಂದ ಕಬ್ಬನ್ ರಸ್ತೆಗೆ ನಡೆದೆವು. ಸಂತ ಆಂಡ್ರ್ಯೂಸ್ ದೇವಾಲಯ, ಕೆಂಪು ಇಟ್ಟಿಗೆ, ಗಡಿಯಾರದ ಗೋಪುರ. 1864ರಲ್ಲಿ ಅಡಿಗಲ್ಲು ಹಾಕಿ, 1866ರಲ್ಲಿ ಬಾಗಿಲು ತೆರೆದರು. ದಂಡುಪ್ರದೇಶದ ಸ್ಕಾಟ್ಲೆಂಡಿನವರಿಗಾಗಿ ಕಟ್ಟಿದ್ದು. ಶುಕ್ರವಾರವಾದ್ದರಿಂದ ಬಾಗಿಲು ಹಾಕಿತ್ತು. ಮರದ ನೆರಳಲ್ಲಿ ಕೂತು ನೀರು ಕುಡಿಯುತ್ತಾ ದೊಡ್ಡಮ್ಮನಿಗೆ ಸ್ಕಾಟ್ಲೆಂಡಿನ ಕಥೆ ಹೇಳಿದೆ.

1560ರಲ್ಲಿ ಅಲ್ಲಿನ ಪ್ರೊಟೆಸ್ಟಂಟ್ ಸುಧಾರಕ ಜಾನ್ ನಾಕ್ಸ್ ಮತ್ತು ಅವನ ಜೊತೆಯವರು ಸೇರಿ ವಿಶ್ವಾಸದ ಘೋಷಣೆಯೊಂದನ್ನು ಬರೆದರು. ನಿಜವಾದ ಕ್ರೈಸ್ತ ಸಭೆಯನ್ನು ಗುರುತಿಸುವುದು ಹೇಗೆ ಅಂತ ಅದರಲ್ಲಿ ಮೂರು ಗುರುತು ಕೊಟ್ಟಿದ್ದಾರೆ. ದೇವರ ವಾಕ್ಯವನ್ನು ಸರಿಯಾಗಿ ಸಾರುವುದು ಒಂದು, ಸಂಸ್ಕಾರಗಳನ್ನು ಸರಿಯಾಗಿ ನಡೆಸುವುದು ಇನ್ನೊಂದು. ಮೂರನೆಯದು ಶಿಸ್ತು. ಅಂದರೆ ಶಿಸ್ತಿಲ್ಲದ ಕಡೆ ಸಭೆಯೇ ಇಲ್ಲ. ಆ ಶಿಸ್ತಿಗೆ ಒಂದು ಪೀಠವೂ ಇತ್ತು. ತಪ್ಪು ಮಾಡಿದವರನ್ನು ಭಾನುವಾರ ಎಲ್ಲರ ಎದುರು ಪಶ್ಚಾತ್ತಾಪದ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಊರಿಗೆ ಊರೇ ನೋಡಬೇಕು.

ದೊಡ್ಡಮ್ಮ ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ನಮ್ಮ ಪಾಪನಿವೇದನೆ ಪೆಟ್ಟಿಗೆನೇ ವಾಸಿ. ಜಾಲರಿ ಇರುತ್ತೆ, ಮುಖ ಕಾಣಲ್ಲ" ಅಂದರು.

ನನಗೆ ಮಾತ್ರ ಆ ಸ್ಟೂಲು ಚೆನ್ನಾಗಿ ಗೊತ್ತು. ಏಳನೇ ಕ್ಲಾಸಿನಲ್ಲಿ ನಾನಿದ್ದ ಹಾಸ್ಟೆಲಿನಲ್ಲಿ ಸ್ಟೂಲಿನ ಬದಲು ಜಲ್ಲಿ ಇತ್ತು. ಒಂದು ಸಂಜೆ ಬಟ್ಟೆ ಒಗೆಯುತ್ತಾ ಪ್ರಾರ್ಥನೆಗೆ ತಡವಾಯಿತು. ವಾರ್ಡನ್ನರು ಅಂಗೈಗೆ ನಾಲ್ಕು ಬಿಗಿದು, ಜಲ್ಲಿಯ ಮೇಲೆ ಮೊಣಕಾಲೂರಿಸಿದರು. ಎರಡು ದಿನ ನನ್ನ ಜೊತೆ ಯಾರೂ ಮಾತಾಡಬಾರದು ಅಂತ ಆಜ್ಞೆ ಬೇರೆ. ಹೊಡೆಯುವಾಗ ಬೈಬಲಿನ ಜ್ಞಾನೋಕ್ತಿಗಳ 13ನೇ ಅಧ್ಯಾಯದ ವಚನ ಹೇಳಿದ್ದರು, ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಅನ್ನುವ ಅರ್ಥದ್ದು. ಎರಡನೇ ದಿನ ರಾತ್ರಿ ಅಡುಗೆಯವರು ಕಿಟಕಿಯ ಸರಳಿನ ಸಂದಿಯಿಂದ ಒಂದು ಬಾಳೆಹಣ್ಣು ತೂರಿಸಿದರು. ಏನೂ ಹೇಳಲಿಲ್ಲ, ಹೊರಟುಹೋದರು. ಆ ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲಿ ಬಿಸಾಕಲಿ ಅಂತ ಬೆಳಗಿನವರೆಗೆ ಹೆದರಿ, ಕೊನೆಗೆ ಟ್ರಂಕಿನಲ್ಲಿ ಬಚ್ಚಿಟ್ಟಿದ್ದೆ.

ಕನ್ನಡದ ಒಂದು ವಿಚಿತ್ರ ನೋಡಿ. ಕಲಿಸುವುದೂ ಶಿಕ್ಷಣ, ದಂಡಿಸುವುದೂ ಶಿಕ್ಷೆ. ಕರ್ತನು ತಾನು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆ ಅಂತ ಇಬ್ರಿಯರ ಪತ್ರದ 12ನೇ ಅಧ್ಯಾಯದಲ್ಲಿ ಬರುತ್ತದಲ್ಲ, ಅಲ್ಲಿ ಗ್ರೀಕ್ ಮೂಲದಲ್ಲಿರುವುದು 'ಪೈದೈಯ' ಅನ್ನುವ ಮಾತು. ಮಗುವನ್ನು ಬೆಳೆಸಿ ತಿದ್ದುವುದು ಅಂತ ಅದರ ಅರ್ಥ. ಓದಿಸುವುದೂ ಅದರಲ್ಲೇ ಬಂತು, ಬೈಯುವುದೂ ಅದರಲ್ಲೇ ಬಂತು. ನಮ್ಮ ಹಾಸ್ಟೆಲಿನಲ್ಲಿ ಆ ಮಾತಿನ ಅರ್ಧ ಮಾತ್ರ ಗೊತ್ತಿತ್ತು.

ಬಿಸಿಲು ಏರಿತ್ತು. ಹಡ್ಸನ್ ವೃತ್ತಕ್ಕೆ ಆಟೋ ಮಾಡಿದೆವು. ಹಡ್ಸನ್ ಸ್ಮಾರಕ ದೇವಾಲಯ 1904ರದ್ದು, ಮೆಥೊಡಿಸ್ಟ್ ಮಿಷನ್ನಿನ ಜೋಸಾಯ ಹಡ್ಸನ್ ಅವರ ನೆನಪಿಗೆ ಕಟ್ಟಿದ್ದು. ಇಂದಿಗೂ ಕನ್ನಡದ ಸಭೆ. ಸುತ್ತ ಬಸ್ಸು, ಆಟೋ, ಹಾರ್ನು. ಕಾಂಪೌಂಡಿನ ಒಳಗೆ ಎರಡು ಹೆಜ್ಜೆ ಇಟ್ಟರೆ ಸದ್ದು ಸ್ವಲ್ಪ ದೂರ ಹೋದಂತೆ ಅನ್ನಿಸುತ್ತದೆ, ಅಷ್ಟೇ.

ಮೆಥೊಡಿಸ್ಟ್ ಅನ್ನುವ ಹೆಸರೇ ಒಂದು ಗೇಲಿಯ ಹೆಸರು. ಆಕ್ಸ್‌ಫರ್ಡಿನಲ್ಲಿ, ಆ ಪಂಥ ಶುರು ಮಾಡಿದ ಜಾನ್ ವೆಸ್ಲಿ ಮತ್ತು ಗೆಳೆಯರು ಪ್ರಾರ್ಥನೆ, ಉಪವಾಸ, ಜೈಲಿನ ಭೇಟಿ ಎಲ್ಲವನ್ನೂ ಗಡಿಯಾರ ನೋಡಿ ಮಾಡುತ್ತಿದ್ದರು. ಅದಕ್ಕೆ ಜನ ಹಾಗೆ ಕರೆದು ನಕ್ಕರು. ವೆಸ್ಲಿ ಆಮೇಲೆ ತನ್ನವರನ್ನು ಸಣ್ಣ ಸಣ್ಣ ಗುಂಪು ಮಾಡಿದ. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರನ್ನೂ ವಿಚಾರಿಸಿ ಸದಸ್ಯತ್ವದ ಟಿಕೆಟ್ ಕೊಡುವುದು. ನಡತೆ ಸರಿಯಿಲ್ಲದಿದ್ದರೆ ಟಿಕೆಟ್ ಇಲ್ಲ. 1743ರ ಮಾರ್ಚಿನಲ್ಲಿ ನ್ಯೂಕಾಸಲ್ಲಿನ ಸಂಘದಿಂದ 64 ಜನರನ್ನು ಹೊರಗೆ ಹಾಕಿದ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕುಡಿತಕ್ಕೆ 17 ಜನ. ಸುಳ್ಳಿಗೆ ಮೂವರು. ಹೆಂಡತಿಗೆ ಹೊಡೆದದ್ದಕ್ಕೆ ಒಬ್ಬ. ಸೋಮಾರಿತನಕ್ಕೆ ಒಬ್ಬ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಕೊನೆಗೆ ಬರುತ್ತದೆ. ಹುಡುಗಾಟಿಕೆ ಮತ್ತು ಅಲಕ್ಷ್ಯಕ್ಕೆ 29.

"ಹೆಂಡ್ತಿಗೆ ಹೊಡೆದೋನು ಒಬ್ನೇನಾ?" ಅಂತ ದೊಡ್ಡಮ್ಮ ಕೇಳಿದರು. "ಸಿಕ್ಕಿಬಿದ್ದೋನು ಒಬ್ಬ ಅನ್ನು."

ವಿಧಾನಸೌಧದ ಹತ್ತಿರ ಮೆಟ್ರೊ ಹತ್ತಿದೆವು. ನೇರಳೆ ಮಾರ್ಗದಲ್ಲಿ ಚಲ್ಲಘಟ್ಟದವರೆಗೆ ಕೂತರೆ ಆಯಿತು. ನಾಯಂಡಹಳ್ಳಿ ದಾಟುವ ಹೊತ್ತಿಗೆ ಅರ್ಧ ಬೋಗಿ ಖಾಲಿ. ನಾನು ಬ್ಯಾಗಿನಿಂದ, ಮಠದಲ್ಲಿ ಬಾಳುವವರಿಗಾಗಿ ಸಂತ ಬೆನೆಡಿಕ್ಟರು ಬರೆದ ನಿಯಮದ ಪುಸ್ತಕ ತೆಗೆದೆ. ಆಶೀರ್ವನಂ ಅವರ ಪರಂಪರೆಯ ಮಠ. ಸೇಲಂ ಕಡೆ ಶುರುವಾಗಿ ಆಮೇಲೆ ಇಲ್ಲಿಗೆ ಬಂದದ್ದು. ನಿಯಮ ಬರೆದದ್ದು 6ನೇ ಶತಮಾನದ ಇಟಲಿಯಲ್ಲಿ. 73 ಅಧ್ಯಾಯಗಳು, ಆದರೆ ಪುಸ್ತಕ ಸಣ್ಣದು. ಏನು ಉಣ್ಣಬೇಕು, ಎಷ್ಟು ಮಲಗಬೇಕು, ಯಾವಾಗ ಬಾಯಿ ಮುಚ್ಚಬೇಕು, ಎಲ್ಲಾ ಇದೆ. ದಿನಕ್ಕೆ ಏಳು ಸಲ ಪ್ರಾರ್ಥನೆ, ರಾತ್ರಿ ಎದ್ದು ಮತ್ತೊಂದು.

43ನೇ ಅಧ್ಯಾಯ ತಡವಾಗಿ ಬರುವವರ ಬಗ್ಗೆ. ನಾನು ಅದನ್ನೇ ಮೊದಲು ತೆಗೆದೆ, ಯಾಕೆ ಅಂತ ಹೇಳಬೇಕಾಗಿಲ್ಲ. ರಾತ್ರಿಯ ಪ್ರಾರ್ಥನೆಗೆ, ನಮ್ಮ ಬೈಬಲಿನಲ್ಲಿ 95 ಆಗಿರುವ ಕೀರ್ತನೆ ಮುಗಿಯುವುದರೊಳಗೆ ಬರದವನು ತನ್ನ ಜಾಗದಲ್ಲಿ ನಿಲ್ಲುವಂತಿಲ್ಲ. ಎಲ್ಲರಿಗಿಂತ ಕೊನೆಗೆ ನಿಲ್ಲಬೇಕು. ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಮಾತು. ಅದಕ್ಕಾಗಿಯೇ ಆ ಕೀರ್ತನೆಯನ್ನು ಎಳೆದು ಎಳೆದು, ನಿಧಾನವಾಗಿ ಹಾಡಬೇಕಂತೆ. ಕಣ್ಣುಜ್ಜಿಕೊಂಡು ಓಡಿಬರುವವನಿಗೆ ಟೈಮ್ ಸಿಗಲಿ ಅಂತ. ಅಷ್ಟಾದ ಮೇಲೂ ತಡವಾದವನನ್ನು ಹೊರಗೆ ನಿಲ್ಲಿಸಬೇಡಿ, ನಿಲ್ಲಿಸಿದರೆ ವಾಪಸ್ ಹೋಗಿ ಮಲಗುತ್ತಾನೆ, ಇಲ್ಲಾ ಹರಟೆಗೆ ಕೂರುತ್ತಾನೆ, ಒಳಗೇ ಬರಲಿ ಅಂತಾರೆ ಬೆನೆಡಿಕ್ಟರು. ಈ ಮನುಷ್ಯ ನಿಜವಾಗಿಯೂ ಹುಡುಗರ ಜೊತೆ ಬದುಕಿದವರು ಅನ್ನಿಸಿತು.

ಪುಟ ತಿರುವಿದೆ. ದೊಡ್ಡ ತಪ್ಪು ಮಾಡಿದವನನ್ನು ಪಂಕ್ತಿಯಿಂದ, ಪ್ರಾರ್ಥನೆಯಿಂದ ಹೊರಗಿಡಬೇಕು. ಯಾರೂ ಅವನ ಜೊತೆ ಮಾತಾಡುವಂತಿಲ್ಲ. ಥೇಟ್ ನಮ್ಮ ಹಾಸ್ಟೆಲು. ಆದರೆ 27ನೇ ಅಧ್ಯಾಯದಲ್ಲಿ ಮಠದ ಹಿರಿಯನಿಗೆ ಒಂದು ಕೆಲಸ ಹಚ್ಚಿದ್ದಾರೆ. ತಿಳಿವಳಿಕೆಯ ವಯಸ್ಸಾದ ಸೋದರರನ್ನು ಗುಟ್ಟಾಗಿ ಅವನ ಬಳಿ ಕಳಿಸಬೇಕು. ಅವನು ದುಃಖದಲ್ಲಿ ಮುಳುಗಿಹೋಗದಂತೆ ಸಮಾಧಾನ ಹೇಳಬೇಕು. ಇದು ಬೈಬಲಿನ ಪತ್ರಗಳನ್ನು ಬರೆದ ಪೌಲನ ಮಾತು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಒಬ್ಬನನ್ನು ಹೊರಗೆ ಹಾಕಿ ಅನ್ನುತ್ತಾನೆ. ಎರಡನೇ ಪತ್ರದಲ್ಲಿ, ದಂಡನೆಗೆ ಒಳಗಾದ ಒಬ್ಬನಿಗೆ ಅಷ್ಟು ಸಾಕು, ಇನ್ನು ಕ್ಷಮಿಸಿ ಸಂತೈಸಿ ಅನ್ನುತ್ತಾನೆ. ನಮ್ಮ ವಾರ್ಡನ್ನರು ಯಾರನ್ನೂ ಕಳಿಸಿರಲಿಲ್ಲ. ಅಡುಗೆಯವರು ತಾವಾಗೇ ಬಂದಿದ್ದರು.

ದೊಡ್ಡಮ್ಮನಿಗೆ ಇದನ್ನು ಓದಿ ಹೇಳಿದೆ. ಅವರಿಗೆ ಬಾಳೆಹಣ್ಣಿನ ಕಥೆ ಆವತ್ತೇ ಮೊದಲು ಗೊತ್ತಾಗಿದ್ದು. "ಯಾಕೋ ಮನೇಲಿ ಹೇಳ್ಲಿಲ್ಲ?" ಅಂದರು. ಹೇಳಿದ್ದರೆ ಇನ್ನೆರಡು ಬೀಳುತ್ತಿತ್ತು ಅಂತ ಇಬ್ಬರಿಗೂ ಗೊತ್ತು.

ಬೆನೆಡಿಕ್ಟರನ್ನೂ ಪೂರ್ತಿ ಮೆಚ್ಚಲು ಆಗುವುದಿಲ್ಲ. ಮುಂದೆ 30ನೇ ಅಧ್ಯಾಯದಲ್ಲಿ, ಹೊರಗಿಡುವುದು ಅಂದರೇನು ಅಂತ ಅರ್ಥವಾಗದ ಹುಡುಗರಿಗೆ ಕಠಿಣ ಉಪವಾಸ ಕೊಡಿ, ಇಲ್ಲಾ ಏಟು ಕೊಡಿ ಅಂತ ಬರೆದಿದ್ದಾರೆ. ಅದನ್ನೂ ಓದಿದೆ. ದೊಡ್ಡಮ್ಮ "ಆಗಿನ ಕಾಲ" ಅಂದರು. ನಾನು "ಯಾವ ಕಾಲ ಆದ್ರೂ ಅಂಗೈ ಅದೇ ಅಲ್ವಾ?" ಅಂದೆ. ಕೆಂಗೇರಿ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅವರೇ ಶುರು ಮಾಡಿದರು. ಯೇಸುಸ್ವಾಮಿ ದೇವಾಲಯದಲ್ಲಿ ಹಗ್ಗದ ಚಾಟಿ ಮಾಡಿಕೊಂಡು ವ್ಯಾಪಾರಿಗಳನ್ನು ಓಡಿಸಲಿಲ್ಲವಾ, ತನ್ನ ಶಿಷ್ಯ ಪೇತ್ರನಿಗೇ "ಸೈತಾನನೇ, ತೊಲಗು" ಅನ್ನಲಿಲ್ಲವಾ ಅಂತ. ಯೇಸು ಹಾಗೆ ಮಾಡಿದ್ದು, ಅಂದದ್ದು ನಿಜ. ಆದರೆ ಸ್ವರ್ಗದ ಬೀಗದ ಕೈ ಕೊಡುತ್ತೇನೆ ಅಂದದ್ದೂ ಆ ಬೈಗುಳ ತಿಂದ ಪೇತ್ರನಿಗೇ, ಆಮೇಲೆ ಕುರಿಗಳನ್ನು ಮೇಯಿಸುವ ಕೆಲಸ ಕೊಟ್ಟದ್ದೂ ಅವನಿಗೇ. ಯೇಸು ಜಾಸ್ತಿ ಬಿರುಸಾಗಿ ಮಾತಾಡಿದ್ದು ಯಾರಿಗೆ ಅಂತ ಮತ್ತಾಯನ 23ನೇ ಅಧ್ಯಾಯ ಓದಿದರೆ ತಿಳಿಯುತ್ತದೆ. ಬೇರೆಯವರ ಹೆಗಲಿಗೆ ಹೊರೆ ಹೊರಿಸಿ ತಾವು ಬೆರಳನ್ನೂ ತಾಗಿಸದವರಿಗೆ. ಇದನ್ನು ಹೇಳಿದಾಗ ದೊಡ್ಡಮ್ಮ ತಮ್ಮ ಮಂಡಿ ನೀವಿಕೊಂಡರು. ಆಗ ನನಗೆ ಒಂದು ವಿಷಯ ಹೊಳೆಯಿತು. ಈ ಹೆಂಗಸು ಇಷ್ಟು ವರ್ಷದಲ್ಲಿ ತನ್ನ ಸೊಸೆಗೆ ಬರಿ ನೆಲದ ಮೇಲೆ ಮೊಣಕಾಲೂರು ಅಂತ ಒಂದು ಸಲವೂ ಹೇಳಿದ್ದು ನಾನು ಕೇಳಿಲ್ಲ. ಸೊಪ್ಪಿನ ಸಾರಿನ ವಿಷಯ ಬೇರೆ.

ಚಲ್ಲಘಟ್ಟದಿಂದ ಕುಂಬಳಗೋಡಿಗೆ ಬಸ್ಸು. ಮೈಸೂರು ರಸ್ತೆಯ ಧೂಳು, ಲಾರಿ, ಫ್ಯಾಕ್ಟರಿ. ದಾರಿ ತಪ್ಪಿ ಒಂದು ಸ್ಟಾಪ್ ಮುಂದೆ ಇಳಿದು ವಾಪಸ್ ನಡೆದೆವು. ಮಠ ಮುಟ್ಟುವ ಹೊತ್ತಿಗೆ ಗಂಟೆ ಹೊಡೆದು ಆಗಿತ್ತು. ಒಳಗೆ ಕೀರ್ತನೆ ಶುರುವಾಗಿದೆ. ಬಾಗಿಲಲ್ಲಿ ದೊಡ್ಡಮ್ಮ ನಿಂತೇ ಬಿಟ್ಟರು. ತಡವಾಗಿ ಒಳಗೆ ಹೋಗುವುದು ಅವರ ಜಾಯಮಾನವೇ ಅಲ್ಲ. ಒಬ್ಬರು ವಯಸ್ಸಾದ ಸ್ವಾಮಿಗಳು ತಲೆ ಎತ್ತಿ ನೋಡಿ, ಕೈಯಲ್ಲೇ ಬನ್ನಿ ಅಂದರು. ಕೊನೆಯ ಸಾಲಿನಲ್ಲಿ ಕೂತೆವು. ಒಂದು ಕಡೆಯವರು ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಉಸಿರು ಬಿಡುತ್ತಾರೆ, ಆಮೇಲೆ ಇನ್ನೊಂದು ಕಡೆಯವರು. ಅವಸರವೇ ಇಲ್ಲ. ದೊಡ್ಡಮ್ಮನ ಏದುಸಿರು ಮೆಲ್ಲಗೆ ಆ ಲಯಕ್ಕೆ ಇಳಿಯಿತು. ಈ ಸಲ ಅವರು ಬೆಂಚಿನ ಮೇಲೇ ಕೂತಿದ್ದರು.

ಮುಗಿದ ಮೇಲೆ ಆ ಸ್ವಾಮಿಗಳು ಕೇಳಿದ್ದು ಒಂದೇ, "ಊಟ ಆಯ್ತಾ?" ದೊಡ್ಡಮ್ಮ ಒಂದು ಹೊತ್ತು ಅಂದರು. ಟೀ ಕೊಟ್ಟರು, ಕುಡಿದರು.

ವಾಪಸ್ ಬರುವಾಗ ಬಸ್ ಸ್ಟಾಪಿನ ಬೇಕರಿಯಲ್ಲಿ ನನಗೆ ಹಸಿವು ತಡೆಯಲಿಲ್ಲ. ಒಂದು ಎಗ್ ಪಫ್ ತಗೊಂಡು ಬಸ್ಸು ಹತ್ತಿದೆ. ದೊಡ್ಡಮ್ಮ ಅದನ್ನು ನೋಡಿದರು. ಶುಕ್ರವಾರ ಬಿಡಬೇಕಾದ್ದು ಮಾಂಸ, ಮೊಟ್ಟೆ ಅದಕ್ಕೆ ಸೇರಲ್ಲ, ಕಾನೂನಲ್ಲೇ ಇದೆ ಅಂದೆ.

"ಕಾನೂನು ನೀನು ಓದು" ಅಂದರು.

ಪಫ್ ಒಣಗಿ ಹೋಗಿತ್ತು. ಎರಡನೇ ತುತ್ತಿಗೇ ಗಂಟಲಿಗೆ ಸಿಕ್ಕಿಕೊಂಡಿತು. ದೊಡ್ಡಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು ನನ್ನ ಕಡೆ ಹಿಡಿದರು. ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು.